ಒಂದು ಕಿಟಕಿ ಬಿಟ್ಟು

ಗೋವಾದ ಮಡಗಾಂವಿನ ಗದ್ದೆಬಯಲಿಗೆ ಹೊಂದಿಕೊಂಡಿದ್ದ ಹೊಸ ಕಟ್ಟಡಕ್ಕೆ ಭಾಗವ್ವ ಗಾಜು ಒರೆಸುವ ಕೆಲಸಕ್ಕೆ ಹೋದ ಮೊದಲ ದಿನ, ಮೆಟ್ಟಿಲಿಗೆ ಅಡ್ಡ ಕೂತಿದ್ದ ಮುದುಕನೊಬ್ಬ ಬಾಯಿ ಮೇಲೆ ಬೆರಳಿಟ್ಟ.

"ಬಕೀಟು ಸಪ್ಪಳ ಮಾಡಬ್ಯಾಡ ತಂಗಿ. ಮ್ಯಾಲ ಹಕ್ಕಿ ಸಿಕ್ಕೊಂಡೈತಿ."

ಅವನು ಕಂಠೆಪ್ಪ, ಕಟ್ಟಡದ ವಾಚಮನ್. ಬಾಯಿ ತೆರೆದೊಡನೆ ತನ್ನ ಸೀಮೆಯವನೆಂದು ಅವಳಿಗೆ ತಿಳಿಯಿತು. ಗಂಡ ತೀರಿಕೊಂಡ ಮೇಲೆ ಅವಳು ಮೋತಿ ಡೊಂಗರ ಗುಡ್ಡದ ಬಾಡಿಗೆ ಖೋಲಿಯಲ್ಲಿ ಒಬ್ಬಳೇ. ತಂಗಿ ಅನ್ನಿಸಿಕೊಂಡು ಎಷ್ಟೋ ಕಾಲವಾಗಿತ್ತು.

ಮೇಲಿನ ದೊಡ್ಡ ಕೋಣೆಯಲ್ಲಿ ಗೋಡೆಗಿಂತ ಗಾಜೇ ಹೆಚ್ಚು. ಒಳಗೊಂದು ಮಿಂಚುಳ್ಳಿ. ಗಾಜಿನಾಚೆಯ ಗದ್ದೆ ಕಂಡು ಹಾರುವುದು, ಢಪ್ಪೆಂದು ಬಡಿದು ಬೀಳುವುದು, ಮತ್ತೆ ಏಳುವುದು. ಪೇಂಟು ಹಚ್ಚುವ ಹುಡುಗ ಬಾಲು ಕೋಲು ಹಿಡಿದು ಓಡಿಸಲು ಹೋಗಿ ಅದಕ್ಕೆ ಇನ್ನಷ್ಟು ದಿಗಿಲು ಹುಟ್ಟಿಸಿದ್ದ. ಕಂಠೆಪ್ಪ ಅವನನ್ನು ಬೈದು ಕೆಳಗಟ್ಟಿದ್ದ. ಈಗ ಅದು ಕೊಕ್ಕು ತೆರೆದು ಮೂಲೆಯಲ್ಲಿ ಕೂತಿತ್ತು.

ಭಾಗವ್ವ ಬುತ್ತಿ ಬಿಚ್ಚಿ ಜೋಳದ ರೊಟ್ಟಿ ಮುರಿದು ಹಾಕಿದಳು. ಕಂಠೆಪ್ಪನಿಗೆ ನಗು ಬಂತು.

"ಅದೇನು ನಮ್ಮ ಊರಿಂದೇನ, ರೊಟ್ಟಿ ತಿನ್ನಾಕ? ಗೋವಾದ ಹಕ್ಕಿ. ಮೀನು ಬೇಕು ಅದಕ್ಕ."

ಸಿಮೆಂಟಿನ ಕಂಬಗಳಿಗೆ ಸುತ್ತಿ ನೀರು ಹೊಡೆಯುತ್ತಿದ್ದ ಗೋಣಿ ತಟ್ಟುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಅವನು ಅತ್ತ ಕೈ ತೋರಿಸಿದ. "ಇವನ್ನ ನೀರಾಗ ಅದ್ದಿ ಗಾಜಿಗೆಲ್ಲಾ ಹೊಚ್ಚೂಣು. ಒಂದು ಕಿಡಕಿ ಬಿಟ್ಟು. ಬೆಳಕು ಒಂದ ಕಡೆ ಇದ್ರ ಅದಕ್ಕ ದಾರಿ ತಿಳಿತೈತಿ."

"ಗಾಜು ರಾಡಿ ಆಗ್ತಾವಲ್ರೀ ಅಣ್ಣಾ! ಸಂಜೀಕ ಮುಕಾದಮ ಬೈತಾನ."

"ಬೈಸಿಕೊಂಡು ಸತ್ತವರಿಲ್ಲ. ಅದು ಬಡಕೊಂಡು ಸಾಯ್ತೈತಿ."

ಇಬ್ಬರೂ ಸದ್ದಿಲ್ಲದೆ ತಟ್ಟು ಹೊದಿಸುತ್ತ ಬಂದರು. ಕೋಣೆ ಕತ್ತಲಾಯಿತು. ಗದ್ದೆ ಕಡೆಯ ಒಂದು ಕಿಟಕಿಯನ್ನು ಪೂರ್ತಿ ಸರಿಸಿಟ್ಟರು. ಭಾಗವ್ವನಿಗೆ ಹಕ್ಕಿ ಹಾರುವುದನ್ನು ನೋಡುವ ಆಸೆ, ಬಾಗಿಲಲ್ಲೇ ನಿಂತಳು.

"ನಾವು ನಿಂತ್ರ ಅದು ಹೋಗೂದಿಲ್ಲ. ನಡಿ ಕೆಳಗ."

ಕೆಳಗೆ ಮರಳಿನ ಗುಡ್ಡೆಯ ಮೇಲೆ, ಕಟ್ಟಡಕ್ಕೆ ಬೆನ್ನು ಕೊಟ್ಟು ಕೂತರು. ಅವಳು ಕೇಳಿದಳು: "ಮನಿಯಾಗ ಯಾರ್ಯಾರು ಅದಾರ್ರೀ?"

"ಕಟ್ಟಾಕತ್ತಿದ ಮನಿ ಎಲ್ಲಾ ನಂದ. ಇರೂ ಮಂದಿ ಬರೂ ಮಟಾ."

ಬಹಳ ಹೊತ್ತಿನ ಮೇಲೆ ಎದ್ದು ಹೋಗಿ ನೋಡಿದರೆ ಕೋಣೆ ಖಾಲಿ. ಕಂಠೆಪ್ಪನಿಗೆ ನಂಬಿಕೆ ಬರಲಿಲ್ಲ. ಒಂದೊಂದೇ ತಟ್ಟು ಎತ್ತಿ, ಜಾಡಿಸಿ, ಮೂಲೆಯ ಬಣ್ಣದ ಡಬ್ಬಿಗಳ ಹಿಂದೆ ಕೈಯಾಡಿಸಿ ಹುಡುಕಿದ. ಸತ್ತ ಹಕ್ಕಿ ಎಲ್ಲೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ನಿರಾಳವಾದ. ಗಾಜೆಲ್ಲ ಮತ್ತೆ ತೊಳೆಯಲು ಅವನೇ ನೀರು ಹೊತ್ತು ತಂದ. ಸಂಜೆ ಕೆಲಸ ನೋಡಲು ಬಂದ ಮುಕಾದಮ ಬೈದ. ಇಬ್ಬರೂ ಬೈಸಿಕೊಂಡರು.

ಮರುದಿನ ಗದ್ದೆಯ ಕರೆಂಟ್ ತಂತಿಯ ಮೇಲೆ ಮಿಂಚುಳ್ಳಿಯೊಂದು ಕೂತಿತ್ತು.

"ಅದ ಐತಿ," ಎಂದ ಕಂಠೆಪ್ಪ.

"ಹ್ಯಾಂಗ ಹೇಳ್ತೀರಿ?"

"ನಮ್ಮ ಕಡೆ ಹೊಳ್ಳಿ ಸುದ್ದಾ ನೋಡವಲ್ದು. ಗಾಜಿನ ಮ್ಯಾಲ ಸಿಟ್ಟೈತಿ ಅದಕ್ಕ."

ಕೆಲಸ ಮುಗಿದು ಕಟ್ಟಡಕ್ಕೆ ವಾಸಕ್ಕೆ ಜನ ಬಂದರು. ಕಂಠೆಪ್ಪನನ್ನು ಕೆಪೆ ಊರಿನಲ್ಲಿ ಏಳುತ್ತಿದ್ದ ಇನ್ನೊಂದು ಕಟ್ಟಡಕ್ಕೆ ಕಳಿಸಿದರು. ಹಾಸಿಗೆ ಸುರುಳಿ ಹೆಗಲಿಗೇರಿಸಿ ಹೊರಟಾಗ ಅವನು ತಿರುಗಿ ನೋಡಲಿಲ್ಲ. ಭಾಗವ್ವ ಅಲ್ಲಿಯೇ ಮೆಟ್ಟಿಲು ಗುಡಿಸುವ ಕೆಲಸಕ್ಕೆ ಉಳಿದಳು. ಆ ಮನೆಗಳಲ್ಲಿ ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆಗಾಗ ಅವನ ಫೋನು ಬರುತ್ತಿತ್ತು. ಉಂಡೆಯಾ, ಆರಾಮಿದ್ದೀಯಾ ಅಂತ ಒಮ್ಮೆಯೂ ಕೇಳಿದವನಲ್ಲ. "ತಂತಿ ಮ್ಯಾಲ ಕುಂತೈತೇನ?" ಅಷ್ಟೇ. ಅವಳು ಪೊರಕೆ ಇಟ್ಟು ಹೊರಗೆ ಹೋಗಿ, ಖರೇ ನೋಡಿಯೇ, ಕಂಡರೆ ಕಂಡಿತೆಂದೂ ಇಲ್ಲದಿದ್ದರೆ ಇಲ್ಲವೆಂದೂ ಹೇಳುತ್ತಿದ್ದಳು.

ಮಳೆಗಾಲದಲ್ಲಿ ಅವನಿಗೆ ಕೆಮ್ಮು ಹಿಡಿಯಿತು. ಕಡೆಯ ಫೋನು ಬಂದದ್ದು ಆಸ್ಪತ್ರೆಯಿಂದ. ದನಿ ದಾರದಷ್ಟು ಸಣ್ಣಗಾಗಿತ್ತು. ಅವಳು ಸೆರಗು ತಲೆಗೆಳೆದು ಮಳೆಯಲ್ಲಿ ನಿಂತು ನೋಡಿ, "ಕುಂತೈತ್ರಿ ಅಣ್ಣಾ, ತೊಯಿಸಿಕೊಂಡು ಕುಂತೈತಿ," ಎಂದಳು.

ಅವನು ಕೆಮ್ಮು ತಡೆದುಕೊಂಡು ಕೇಳಿದ:

"ಇನ್ನೂ ಒಂಟಿ ಕುಂದರತೈತೋ ತಂಗಿ, ಜೋಡಿ ಬಂದೈತೋ?"