ಅವ್ವನ ವಾಟಗಕ್ಕೆ ಎಷ್ಟು ಗ್ರಾಂ?

ಮೂರನೇ ಸಲವೂ ನಾನಖಟಾಯಿ ಬಿಸ್ಕತ್ತು ಓವನ್‌ನಲ್ಲಿ ಹಪ್ಪಳದಂತೆ ಹರಡಿತು. ತಲೆ ಕೆಟ್ಟಿದೆ ಗೆಳೆಯರೇ! ನಾಳೆ ಅವ್ವನಿಗೆ ಒಯ್ಯಬೇಕು. ಅವಳ ಲೆಕ್ಕ ಎರಡು ವಾಟಗ, ಅಂದರೆ ಎರಡು ಬಟ್ಟಲು, ಮೈದಾ. ಅವಳದೇ ಸ್ಟೀಲ್ ವಾಟಗ ತಂದು, ಅದರಲ್ಲಿ ತುಂಬಿ, ಗ್ರಾಂನಲ್ಲಿ ತೂಗಿ ಬರೆದುಕೊಂಡಿದ್ದೆ. ಆದರೂ ಹೀಗೆ.

ಸುಟ್ಟ ತುಪ್ಪದ ವಾಸನೆಗೆ ಚಿಕ್ಕಂದಿನಲ್ಲಿ ಹೋಗುತ್ತಿದ್ದ ಬೆಂಗೇರಿಯ ಬೇಕರಿ ಭಟ್ಟಿ ನೆನಪಾಯಿತು. ದೀಪಾವಳಿಗೆ ಮನೆಯಿಂದ ಮೈದಾ, ಸಕ್ಕರೆ, ತುಪ್ಪ ಒಯ್ದು ಅಲ್ಲೇ ಕಲಸಿ ಬೇಯಿಸಿ ತರುತ್ತಿದ್ದೆವು. ಭಟ್ಟಿಯ ಕಾಕಾ ತಕ್ಕಡಿ ತೋರಿಸುತ್ತಿದ್ದರು: "ಅಕ್ಕಾರ, ತೂಗಿ ಹಾಕ್ರಿ. ಕೆಟ್ರ ನನ್ನ ಹೆಸರು ಹೇಳ್ತೀರಿ."

"ನನ್ನ ವಾಟಗದ ಲೆಕ್ಕ ಎಂದಾರ ಕೆಟ್ಟೈತೇನ್ರಿ?" ಎನ್ನುತ್ತ ಅವ್ವ ತುಂಬಿದ ವಾಟಗವನ್ನು ಕಟ್ಟೆಗೆ ಟಕ್ ಟಕ್ ಎಂದು ಕುಟ್ಟಿ, ಇಳಿದ ಹಿಟ್ಟಿನ ಮೇಲೆ ಮತ್ತೆ ಹಿಟ್ಟು ಹಾಕುತ್ತಿದ್ದಳು.

ಕುಟ್ಟುತ್ತಿದ್ದಳು! ಕೂಡಲೇ ಫೋನ್ ಮಾಡಿದೆ.

"ಅವ್ವಾ, ಕುಟ್ಟಬೇಕಂತ ಯಾಕ ಹೇಳಲಿಲ್ಲ?"

"ಅದನ್ನೂ ಹೇಳಬೇಕೇನು? ಕುಟ್ಟದ ಯಾರಾರ ಅಳೀತಾರ?"

ಕುಟ್ಟಿ ತೂಗಿದೆ. ಒಂದು ವಾಟಗಕ್ಕೇ ನಲವತ್ತು ಗ್ರಾಂ ಹೆಚ್ಚು ಬಂತು; ಮೈದಾ ಕಡಿಮೆಯಾಗಿಯೇ ಹರಡುತ್ತಿತ್ತು. ಎರಡನೇ ವಾಟಗಕ್ಕೆ ಡಬ್ಬಿಯಲ್ಲಿ ಮೈದಾ ಇಲ್ಲ.