ಕರಿಬಟ್ಟೆಯಲ್ಲಿ ಹಾಕಿದ ಜಗರೂತ

ಕಫ್ರ್ ಎಲ್-ತೂತದ ಪ್ರಾಥಮಿಕ ಶಾಲೆಯಲ್ಲಿ ವರ್ಷದ ಕೊನೆಯ ಸಮಾರಂಭ ನಡೆಯುವ ದಿನ ನಮ್ಮೂರಿನ ಗಂಡಸರಿಗೆ ಹೆಚ್ಚು ಕೆಲಸವಿರುವುದಿಲ್ಲ. ಇಸ್ತ್ರಿ ಮಾಡಿದ ಗಲಬಿಯ್ಯ ನಿಲುವಂಗಿ ತೊಟ್ಟು ಕುರ್ಚಿಯ ಮೇಲೆ ಕೂರಬೇಕು, ಮೊದಲ ಹತ್ತು ಸ್ಥಾನಗಳಲ್ಲಿ ತಮ್ಮ ಮಗುವಿನ ಹೆಸರು ಬಂದಾಗ ಏನೂ ಆಗಿಲ್ಲವೆಂಬಂತೆ ಮುಖ ಇಟ್ಟುಕೊಳ್ಳಬೇಕು, ಅಷ್ಟೇ. ಉಳಿದದ್ದೆಲ್ಲ ಹೆಂಗಸರದು. ಹೆಸರು ಕೂಗಿದ ಕೂಡಲೇ ತಾಯಿಯಾದವಳು ಎದ್ದು ನಿಂತು, ಅಂಗೈಯನ್ನು ತುಟಿಗೆ ಮರೆ ಹಿಡಿದು, ನಾಲಗೆಯನ್ನು ಅತ್ತಿತ್ತ ಬಡಿಯುತ್ತ ಜಗರೂತ ಹಾಕುತ್ತಾಳೆ. ಮದುವೆಯಾಗಲಿ, ಗಂಡು ಹುಟ್ಟಲಿ, ಯಾರಾದರೂ ಹಜ್‌ನಿಂದ ಬರಲಿ, ಜೈಲಿನಿಂದ ಬರಲಿ, ನಮ್ಮಲ್ಲಿ ಸಂತೋಷಕ್ಕೆ ಇರುವುದು ಅದೊಂದೇ ಕೂಗು. ಯಾರಿಗೆ ಎಷ್ಟು ಅಂಕ ಬಂತೆಂಬುದನ್ನು ಊರು ಸಂಜೆಯೊಳಗೆ ಮರೆಯುತ್ತದೆ. ಯಾರ ತಾಯಿಯ ಜಗರೂತ ಕಾಲುವೆಯ ಆಚೆ ದಡಕ್ಕೆ ಕೇಳಿಸಿತು, ಯಾರದು ನಡುವೆ ಕೆಮ್ಮಿಗೆ ತಿರುಗಿತು ಎಂಬುದು ಮಾತ್ರ ಮುಂದಿನ ವರ್ಷದವರೆಗೆ ಬಾಯಲ್ಲಿರುತ್ತದೆ.

ಆ ಶಾಲೆಯ ಆಯಾ ತಫೀದಾ. ಹೊಸ ಮದುಮಗಳಾಗಿ ಈ ಊರಿಗೆ ಬಂದವಳು ಮದರಂಗಿ ಮಾಸುವ ಮೊದಲೇ ಶಾಲೆಯ ಪೊರಕೆ ಹಿಡಿದಳು. ಅಂಗಳ ಗುಡಿಸುವುದು, ಒಂದನೆಯ ತರಗತಿಯ ಮಕ್ಕಳ ಮೂಗು ಒರೆಸುವುದು, ಚಡ್ಡಿ ಒದ್ದೆ ಮಾಡಿಕೊಂಡವರನ್ನು ಬೇರೆಯವರ ಕಣ್ಣಿಗೆ ಬೀಳದಂತೆ ಮನೆ ಮುಟ್ಟಿಸುವುದು ಅವಳ ಪಾಲಿನದು. ಮಕ್ಕಳಿಗೆಲ್ಲ ಅವಳು ಖಾಲಾ, ಅಂದರೆ ಚಿಕ್ಕಮ್ಮ. ಅವಳಿಗೆ ಮಾತ್ರ ಮಕ್ಕಳಾಗಲಿಲ್ಲ.

ಅವಳು ಬಂದ ಹೊಸತರಲ್ಲಿ ಒಂದು ಸಮಾರಂಭ. ತಾಯಿ ಸತ್ತ ಹುಡುಗನೊಬ್ಬನ ಹೆಸರು ಕೂಗಿದರು. ಹುಡುಗ ಎದ್ದ, ನಡೆದ. ಅಂಗಳದಲ್ಲಿ ಒಂದು ಸದ್ದಿಲ್ಲ. ಗೋಡೆಯ ಮೇಲಿನ ಕಾಗೆಯೊಂದೇ ಕೂಗಿತು. ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ತಫೀದಾಗೆ ಏನನ್ನಿಸಿತೋ, ಪೊರಕೆಯ ಸಮೇತ ಒಂದು ಜಗರೂತ ಹೊಡೆದಳು. ಆಗಿನ ಹೆಡ್‌ಮಾಸ್ಟರು ರಾಗಿಬ್ ಉಸ್ತಾದರು ಕೆಂಡಾಮಂಡಲವಾದರು.

"ಇದು ಶಾಲೆಯಮ್ಮಾ, ಮದುವೆ ಮನೆಯಲ್ಲ!"

ಮುಂದಿನ ವರ್ಷ ಸಮಾರಂಭದ ಹಿಂದಿನ ದಿನ ಅದೇ ಉಸ್ತಾದರು ಅವಳನ್ನು ಕರೆಸಿ, ಫ್ಯಾನಿನ ಕಡೆ ನೋಡುತ್ತ, "ಈ ಸಲ ಅಂಥವರು ಮೂವರಿದ್ದಾರೆ" ಎಂದರು. ಅಲ್ಲಿಂದ ಮುಂದೆ ತಾಯಿ ಸತ್ತವರಿಗೆ, ತಾಯಿ ಕುವೈತಿನಲ್ಲಿ ಪಾತ್ರೆ ತೊಳೆಯುವವರಿಗೆ, ತಾಯಿ ಮುನಿಸಿಕೊಂಡು ತವರಿಗೆ ಹೋದವರಿಗೆ ತಫೀದಾಳೇ ಗತಿ. ಅವಳ ಗಂಟಲೂ ಅಂಥದ್ದೇ. ಅದಕ್ಕೆ ಮೈಕು ಬೇಕಾಗಿರಲಿಲ್ಲ. ಮೈಕಿಗೇ ಅವಳನ್ನು ಕಂಡರೆ ಹೆದರಿಕೆ.

ಗಂಡ ಬಯ್ಯೂಮಿಯದು ಶಾಮಿಯಾನದ ಅಂಗಡಿ. ಮದುವೆಗೂ ಸಾವಿಗೂ ಅವನದೇ ಕಂಬ, ಅವನದೇ ಕುರ್ಚಿ. ಸಮಾರಂಭ ಮುಗಿದು ಕುರ್ಚಿ ಎತ್ತಿಡುವಾಗ ಅವನು ಹೆಂಡತಿಯನ್ನು ಕೆಣಕದೆ ಬಿಡುತ್ತಿರಲಿಲ್ಲ.

"ಊರ ಮಕ್ಕಳಿಗೆಲ್ಲ ನೀನು ತಾಯಿ ಆದೆ. ನನ್ನನ್ನ ಒಂದು ಪಿಳ್ಳೆನೂ ಅಪ್ಪ ಅನ್ನಲ್ಲ ನೋಡು."

"ನಿನ್ನ ಮುಖಕ್ಕೆ ಅಪ್ಪ ಅಂತ ಯಾವ ಮಗು ಅಂದೀತು ಬಯ್ಯೂಮಿ? ನೇರ ಅಜ್ಜ ಅನ್ನುತ್ತೆ."

ಈ ವರ್ಷ ವಸಂತದಲ್ಲಿ ಬಯ್ಯೂಮಿ ಯಾರದೋ ಮದುವೆಗೆ ಕಂಬ ನಿಲ್ಲಿಸುತ್ತಿದ್ದವನು, "ಸ್ವಲ್ಪ ಹಿಡ್ಕೋ" ಎಂದು ಕಂಬವನ್ನು ಪಕ್ಕದವನ ಕೈಗೆ ಕೊಟ್ಟು ಹಾಗೇ ಕುಸಿದ. ತಫೀದಾ ಕರಿಬಟ್ಟೆ ತೊಟ್ಟಳು. ಹೊಟ್ಟೆಪಾಡಿನ ಕೆಲಸಕ್ಕೆ ಹಗಲು ಹೊತ್ತು ಹೋಗಿಬರಬಹುದು ಎಂದು ಮಸೀದಿಯ ಶೇಖರು ಹೇಳಿದರು. ಜಗರೂತದ ವಿಷಯ ಅವರನ್ನು ಯಾರೂ ಕೇಳಲಿಲ್ಲ, ಅದು ಕೇಳುವ ವಿಷಯವೇ ಅಲ್ಲ. ಸಾವಾದ ಮನೆಯಲ್ಲಿ ವರ್ಷವಿಡೀ ರೇಡಿಯೋದಲ್ಲಿ ಹಾಡು ಹಾಕುವುದಿಲ್ಲ, ಈದ್‌ಗೆ ಕಜ್ಜಾಯ ಮಾಡುವುದಿಲ್ಲ. ಗಂಡ ಸತ್ತವಳು ಜಗರೂತ ಹಾಕುವುದೆಂದರೆ ಸಮಾಧಿಯ ಮೇಲೆ ಕುಣಿದಂತೆ.

ಇದರ ನಡುವೆ ರಿತಾಜ್‌ಳ ಸಂಗತಿ ಬಂತು.

ರಿತಾಜ್ ಆಟೋ ಓಡಿಸುವ ಹಮ್ದಾನನ ಮಗಳು. ಒಂದನೆಯ ತರಗತಿಯಲ್ಲಿದ್ದಾಗ ತಾಯಿ ತೀರಿಕೊಂಡಳು. ಓದಿನಲ್ಲಿ ಹುಡುಗಿ ಅಷ್ಟಕ್ಕಷ್ಟೆ. ಗುಣಾಕಾರವೆಂದರೆ ಕಣ್ಣಲ್ಲಿ ನೀರು. ಆದರೂ ಪ್ರತಿ ವರ್ಷ ಸಮಾರಂಭದ ದಿನ ನೀರಿನ ಹರವಿಗಳ ಹತ್ತಿರ ಬಂದು ಕೇಳುತ್ತಿದ್ದಳು:

"ಖಾಲಾ, ಈ ಸಲ ನನ್ನ ಹೆಸರು ಬಂದ್ರೆ?"

"ಬಂದ್ರೆ ಶಾಲೆಯ ತಾರಸಿ ಎಗರಿಸ್ತೀನಿ ಕಣೇ. ಬರೋ ಹಾಗೆ ಮಾಡು ಮೊದಲು."

ಬರಲಿಲ್ಲ. ವರ್ಷಗಳು ಹೋದವು, ತಾರಸಿ ಇದ್ದಲ್ಲೇ ಇತ್ತು. ಈಗ ಆರನೆಯ ತರಗತಿ, ಈ ಶಾಲೆಯಲ್ಲಿ ಕೊನೆಯ ವರ್ಷ. ಏನಾಯಿತೋ ದೇವರೇ ಬಲ್ಲ, ಹುಡುಗಿ ಐದನೆಯ ಸ್ಥಾನಕ್ಕೆ ಬಂದುಬಿಟ್ಟಳು. ಹೆಡ್‌ಮಿಸ್ ನರ್ಜಿಸ್ ಅಬ್ಲಾ ಎರಡೆರಡು ಸಲ ಕೂಡಿ ನೋಡಿದರು, ಐದನೆಯದೇ.

ಸುದ್ದಿ ತಿಳಿದ ದಿನ ರಿತಾಜ್ ಹರವಿಯ ಹತ್ತಿರ ಬಂದಳು, ಆದರೆ ಏನೂ ಕೇಳಲಿಲ್ಲ. ತಫೀದಾಳ ಕರಿಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಗೊತ್ತು ಖಾಲಾ. ಅಪ್ಪ ಹೇಳಿದ್ರು. ನೀವು ಹಾಕೋ ಹಾಗಿಲ್ಲ."

ಅವಳು ಅತ್ತಿದ್ದರೆ ತಫೀದಾ ಗದರಿಸಿ ಸುಮ್ಮನಾಗಿಸುತ್ತಿದ್ದಳು. ಅಳಲಿಲ್ಲವಾದ್ದರಿಂದ ಆ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಬದಲಿ ಗಂಟಲೊಂದನ್ನು ಹುಡುಕಲು ತಫೀದಾ ಹೊರಟಳು. ಮೊದಲು ಹೋದದ್ದು ರಿತಾಜ್‌ಳ ತರಗತಿಯ ಹಾಜಿಮ್‌ನ ತಾಯಿಯ ಹತ್ತಿರ. ಊರಿನಲ್ಲಿ ತಫೀದಾಳ ನಂತರ ಗಂಟಲೆಂದರೆ ಅವಳದೇ.

"ನನ್ನ ಮಗನ್ನ ಆರನೇ ಸ್ಥಾನಕ್ಕೆ ತಳ್ಳಿದವಳಿಗೆ ನಾನು ಜಗರೂತ ಹಾಕ್ಲಾ? ನಂಗೇನು ಬಿಸಿಲು ಬಡಿದಿದೆಯಾ ತಫೀದಾ?"

"ಮಗು ಕಣೇ ಅದು."

"ನಂದೇನು ಎಮ್ಮೆನಾ?"

ಆಮೇಲೆ ಸಿಕ್ಕಿದವಳು ಸೊಪ್ಪು ಮಾರುವ ಶೌಕಿಯ್ಯ. ಅವಳು ಕೊತ್ತಂಬರಿ ಕಟ್ಟುತ್ತಲೇ, "ಒಂದಲ್ಲ, ಎರಡು ಹಾಕ್ತೀನಿ. ಹೋಗು, ನಿಶ್ಚಿಂತೆಯಾಗಿರು" ಎಂದಳು. ಬಯ್ಯೂಮಿ ಸತ್ತ ಮೇಲೆ ತಫೀದಾ ಮೊದಲ ಸಲ ನಿದ್ದೆ ಮಾಡಿದ್ದು ಅವತ್ತು.

ಸಮಾರಂಭದ ಬೆಳಗ್ಗೆ ಶೌಕಿಯ್ಯಳ ಮಗಳಿಗೆ ಆಚೆ ಊರಿನಲ್ಲಿ ಹೆರಿಗೆ ನೋವು ಶುರುವಾಯಿತು. ಕೊತ್ತಂಬರಿಯನ್ನು ಬೀದಿಯಲ್ಲೇ ಬಿಟ್ಟು ಶೌಕಿಯ್ಯ ಓಡಿದಳು. ಇದು ತಫೀದಾಗೆ ಗೊತ್ತಾಗುವ ಹೊತ್ತಿಗೆ ಅಂಗಳ ತುಂಬಿತ್ತು.

ಹಾಕಿದ್ದ ಕುರ್ಚಿಗಳು ಬಯ್ಯೂಮಿಯ ಅಂಗಡಿಯವೇ. ಅವನ ಸಾವಿಗೆ ಬಂದ ಜನ ಕೂತದ್ದೂ ಅವುಗಳ ಮೇಲೆಯೇ. ಈಗ ಅದೇ ಜನ ಅವುಗಳ ಮೇಲೆ ಕೂತು ಕಡಲೆಬೀಜ ತಿನ್ನುತ್ತಿದ್ದರು. ಮೂರನೆಯ ತರಗತಿಯ ಮಕ್ಕಳು ತರಕಾರಿಗಳಾಗಿ ಕುಣಿದರು. ಬದನೆಕಾಯಿಯಾಗಿ ವೇದಿಕೆಯ ಮೇಲೆ ನಿಂತವನು ಅಮ್ಮನನ್ನು ಕಂಡು ಅಳತೊಡಗಿದ. ಅವನನ್ನು ಟೊಮೇಟೊ ಕೈಹಿಡಿದು ಇಳಿಸಿತು. ನರ್ಜಿಸ್ ಅಬ್ಲಾ ಭವಿಷ್ಯದ ಹೂಗಳ ಬಗ್ಗೆ ಮಾತಾಡಿದರು. ಪ್ರತಿ ವರ್ಷದ ಹೂಗಳೇ, ಹಾಗಾಗಿ ಎಲ್ಲಿ ಚಪ್ಪಾಳೆ ತಟ್ಟಬೇಕೆಂದು ನಮಗೂ ಗೊತ್ತಿತ್ತು. ಗೋಡೆಯ ಪಕ್ಕದಲ್ಲಿ ತಫೀದಾ ಕೆಂಪು ಶರಬತ್ತಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಹೆಂಗಸರ ಎರಡನೆಯ ಸಾಲಿನಲ್ಲಿ ಬಯ್ಯೂಮಿಯ ತಂಗಿ, ನಾದಿನಿ ದೌಲತ್ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಅವಳದೂ ಕರಿಬಟ್ಟೆ.

ಆರನೆಯ ತರಗತಿಯ ಹತ್ತು ಹೆಸರುಗಳನ್ನು ಕೊನೆಯಿಂದ ಕೂಗತೊಡಗಿದರು. ಆರನೆಯದು ಹಾಜಿಮ್. ಅವನ ತಾಯಿಯ ಜಗರೂತಕ್ಕೆ ಮೈಕು ಕುಂಯ್ ಎಂದಿತು.

"ಐದನೆಯ ಸ್ಥಾನ, ರಿತಾಜ್ ಹಮ್ದಾನ್!"

ಹುಡುಗಿ ಎದ್ದಳು. ತಲೆಗೆ ಹೊಸ ರಿಬ್ಬನ್ನು. ಅಪ್ಪ ಕಟ್ಟಿದ್ದೆಂದು ನೋಡಿದರೇ ತಿಳಿಯುತ್ತಿತ್ತು. ಎರಡು ಸಾಲುಗಳ ನಡುವೆ ನಡೆದಳು. ಹಾಜಿಮ್‌ನ ತಾಯಿಯ ಆರ್ಭಟದ ನಂತರ ಆ ಮೌನ ಇನ್ನೂ ಆಳವಾಗಿತ್ತು. ಅಬ್ಲಾ ಒಬ್ಬರೇ ಎರಡು ಚಪ್ಪಾಳೆ ತಟ್ಟಿ, ಬೇರೆ ಯಾರೂ ಸೇರದಿದ್ದಕ್ಕೆ ನಿಲ್ಲಿಸಿದರು.

ಆಗ ಗಂಡಸರ ಸಾಲಿನಲ್ಲಿ ಹಮ್ದಾನ್ ಎದ್ದು ನಿಂತ. ಊರಿನಲ್ಲಿ ಅವನಷ್ಟು ನಾಚಿಕೆಯ ಮನುಷ್ಯ ಬೇರೆಯಿಲ್ಲ. ಆಟೋದಲ್ಲಿ ಚಿಲ್ಲರೆ ಕೇಳಲೂ ಸಂಕೋಚಪಡುವವನು. ಅಂಥವನು ಅಂಗೈಯನ್ನು ತುಟಿಗೆ ಮರೆ ಹಿಡಿದ, ಕಣ್ಣು ಮುಚ್ಚಿದ, ಜಗರೂತ ಹಾಕಿದ.

ಕೊಳವೆಯಲ್ಲಿ ಸಿಕ್ಕಿಬಿದ್ದ ಹುಂಜ ಕೂಗಿದಂತೆ ಬಂತು ಸದ್ದು.

ಒಂದು ಕ್ಷಣ ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು. ಗಂಡಸರು ತೊಡೆ ತಟ್ಟಿಕೊಂಡು ನಕ್ಕರು, ಹೆಂಗಸರು ತಲೆವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ಅಳುತ್ತಿದ್ದ ಬದನೆಕಾಯಿಯೂ ನಕ್ಕ. "ಹೆತ್ತೆಯೇನೋ ಹಮ್ದಾನ್? ಗಂಡೋ ಹೆಣ್ಣೋ?" ಎಂದು ಹಿಂದಿನಿಂದ ಯಾರೋ ಕೂಗಿದರು. ಹೇಳಲು ನಾಚಿಕೆ, ಆದರೆ ನಗದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ವೇದಿಕೆಯ ಮೆಟ್ಟಿಲಿನ ಮೇಲೆ ರಿತಾಜ್ ನಿಂತುಬಿಟ್ಟಳು. ತಿರುಗಿ ಅಪ್ಪನನ್ನು ನೋಡಿದಳು. ಕೈ ಇನ್ನೂ ಬಾಯಿಯ ಹತ್ತಿರವೇ ಇಟ್ಟುಕೊಂಡು ಅವನು ನಿಂತಿದ್ದ, ಇಳಿಸುವುದೋ ಬೇಡವೋ ಎಂದು ತಿಳಿಯದವನಂತೆ. ಹುಡುಗಿ ಒಂದು ಕಾಲನ್ನು ಕೆಳಗಿನ ಮೆಟ್ಟಿಲಿಗೆ ಇಟ್ಟಳು. ಇಳಿದು ಗೇಟಿನ ಕಡೆ ಓಡುವವಳು. ತಫೀದಾಗೆ ಮಕ್ಕಳ ಕಾಲು ಗೊತ್ತು.

ತಟ್ಟೆ ನೆಲಕ್ಕೆ ಬಂದದ್ದು ಹೇಗೆಂದು ಅವಳಿಗೆ ಆಮೇಲೆ ನೆನಪಾಗಲಿಲ್ಲ. ಜಗರೂತ ಹೊರಟಿತು. ಮೊದಲನೆಯದು ನಗೆಯನ್ನು ತುಂಡು ಮಾಡಿತು. ಎರಡನೆಯದಕ್ಕೆ ಕುರ್ಚಿಗಳು ಸರಿದು ತಲೆಗಳು ತಿರುಗಿದವು. ಮೂರನೆಯದು ಉದ್ದವಾಗಿ, ನಡುಗದೆ, ಏರುತ್ತ ಹೋಗಿ ಮೇಲೆಲ್ಲೋ ನಿಂತಿತು. ರಿತಾಜ್ ಮೆಟ್ಟಿಲು ಹತ್ತಿದಳು, ಪ್ರಶಸ್ತಿಪತ್ರ ತೆಗೆದುಕೊಂಡಳು, ಅಬ್ಲಾ ಅವಳ ಕೆನ್ನೆಗೆ ಮುತ್ತು ಕೊಟ್ಟರು.

ಚಪ್ಪಾಳೆ ಬರಲಿಲ್ಲ. ಜನರೆಲ್ಲ ಕರಿಬಟ್ಟೆ ತೊಟ್ಟವಳನ್ನು ನೋಡುತ್ತಿದ್ದರು. ದೌಲತ್ ಮೊಮ್ಮಗನನ್ನು ಸೊಂಟಕ್ಕೆ ಏರಿಸಿಕೊಂಡು, ಯಾರ ಮುಖವನ್ನೂ ನೋಡದೆ ಎದ್ದು ಹೊರಟುಹೋದಳು.

ಉಳಿದ ನಾಲ್ಕು ಹೆಸರುಗಳಿಗೂ ಜಗರೂತಗಳು ಬಿದ್ದವು, ಕದ್ದು ಹಾಕಿದಂತೆ. ತಫೀದಾ ಬೇರೆ ಲೋಟಗಳಲ್ಲಿ ಶರಬತ್ತು ತುಂಬಿ ಹಂಚಿದಳು. ಹೆಂಗಸರು ಲೋಟ ತೆಗೆದುಕೊಂಡರು, ಕಣ್ಣೆತ್ತಲಿಲ್ಲ. ಹಾಜಿಮ್‌ನ ತಾಯಿ ಮಾತ್ರ, "ಪಾಪ ಬಯ್ಯೂಮಿ" ಎಂದಳು. ಪಕ್ಕದವಳಿಗೆ ಹೇಳಿದ್ದು, ಕೇಳಿಸಿದ್ದು ಎಲ್ಲರಿಗೂ.

ಜನ ಕರಗಿದ ಮೇಲೆ ಹಮ್ದಾನ್ ಬಂದ. ನೆಲ ನೋಡುತ್ತಿದ್ದ.

"ನನ್ನಿಂದ ಆಯ್ತು ಖಾಲಾ. ಶೌಕಿಯ್ಯ ಬರಲಿಲ್ಲ ಅಂತ ಗೊತ್ತಾಯ್ತು. ಮಗು ಸುಮ್ನೆ ಹೋಗ್ಬಾರ್ದು ಅಂತ..."

"ಅದು ಜಗರೂತನಾ? ನಿನ್ನ ಆಟೋ ಚಕ್ರಕ್ಕೆ ಬೆಕ್ಕು ಸಿಕ್ತು ಅಂದ್ಕೊಂಡೆ ನಾನು."

ಅವನು ನಗಲು ಹೋಗಿ ಅತ್ತುಬಿಟ್ಟ. ತಫೀದಾ ಅವನ ಕೈಗೆ ಒಂದು ಲೋಟ ಶರಬತ್ತು ಕೊಟ್ಟು, ಒಡೆದ ಗಾಜು ಗುಡಿಸಲು ಹೋದಳು.

ಮನೆಯಲ್ಲಿ ದೌಲತ್ ಮೆಟ್ಟಿಲಿನ ಬುಡದಲ್ಲೇ ಕೂತಿದ್ದಳು. ಕೆಳಗಿನ ಮನೆ ಅವಳದು, ಮೇಲಿನದು ಬಯ್ಯೂಮಿಯದು. ಬೈಯುತ್ತಾಳೆಂದು ತಫೀದಾ ತಯಾರಾಗಿದ್ದಳು. ದೌಲತ್‌ಳ ಕಣ್ಣು ಊದಿತ್ತು.

"ನಮ್ಮಣ್ಣನ ಮಣ್ಣು ಇನ್ನೂ ಒಣಗಿಲ್ಲ, ತಫೀದಾ."

"ಮಗು ಇಳಿದು ಓಡ್ತಿತ್ತು ದೌಲತ್. ಎಲ್ಲರೂ ನಗ್ತಿದ್ರು."

"ನಗಲಿ. ಮಕ್ಕಳು ಬೀಳ್ತಾರೆ, ಏಳ್ತಾರೆ. ನಮ್ಮಣ್ಣ ಏಳ್ತಾನಾ?" ದೌಲತ್ ಮೂಗು ಒರೆಸಿಕೊಂಡಳು. "ನಾಡಿದ್ದು ನಲವತ್ತನೇ ದಿನ. ಊರ ಹೆಂಗಸರೆಲ್ಲ ಬರ್ತಾರೆ. ನೀನು ನನ್ನ ಪಕ್ಕ ಕೂತ್ರೆ ನಾನು ಯಾವ ಮುಖ ಇಟ್ಕೊಂಡು ಕೂರ್ಲಿ? ಬೇಡ. ಕೆಳಗೆ ಬರಬೇಡ."

ಎದುರಿಗಿದ್ದವಳು ದುಷ್ಟಳಾಗಿದ್ದರೆ ತಫೀದಾ ತಿರುಗಿ ಹೇಳಬಹುದಿತ್ತು. ಅಣ್ಣನನ್ನು ಕಳೆದುಕೊಂಡವಳಿಗೆ ಏನೆಂದು ಹೇಳುವುದು? "ಆಯ್ತು" ಎಂದು ಮೆಟ್ಟಿಲು ಹತ್ತಿದಳು.

ನಲವತ್ತನೆಯ ದಿನದ ಸಂಜೆ ಓಣಿಯಲ್ಲಿ ಶಾಮಿಯಾನ ಎದ್ದಿತು. ಕುರಾನ್ ಓದುವವರು ಬಂದರು, ಸಕ್ಕರೆಯಿಲ್ಲದ ಕಾಫಿಯ ವಾಸನೆ ಮೇಲಕ್ಕೆ ಬಂತು. ಕೆಳಗಿನ ಕೋಣೆಯಲ್ಲಿ ಹೆಂಗಸರು ದೌಲತ್‌ಳನ್ನು ತಬ್ಬಿಕೊಂಡು ಸಮಾಧಾನ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಸತ್ತವನ ಹೆಂಡತಿ ತಾರಸಿಯ ಮೇಲೆ, ಕೋಳಿಗೂಡಿನ ಪಕ್ಕದಲ್ಲಿ ಕೂತಿದ್ದಳು. ಕೋಳಿಗಳಿಗೆ ಮಾತ್ರ ಅವಳ ಮೇಲೆ ಬೇಸರವಿರಲಿಲ್ಲ.

ದೌಲತ್ ಹೇಳಿದ್ದನ್ನೇ ಅವಳು ತಿರುವಿಹಾಕುತ್ತಿದ್ದಳು. ಮಗುವಿಗಾಗಿ ಹಾಕಿದೆ ಎಂದು ಯಾರ ಮುಂದಾದರೂ ಆಣೆ ಮಾಡಬಲ್ಲಳು, ಅದು ನಿಜ. ಆದರೆ ಇನ್ನೊಂದೂ ನಿಜ, ಅದನ್ನು ಯಾರಿಗೂ ಹೇಳುವಂತಿಲ್ಲ. ಆ ಮೂರು ಉಸಿರಿನಷ್ಟು ಹೊತ್ತು ಬಯ್ಯೂಮಿ ಸತ್ತಿದ್ದಾನೆಂಬುದೇ ಅವಳಿಗೆ ಮರೆತುಹೋಗಿತ್ತು. ಮೈಯೆಲ್ಲ ಹಗುರವಾಗಿತ್ತು, ಖುಷಿಯಾಗಿತ್ತು. ನಾಲಗೆ ನಿಂತಾಗ ಅವನು ಇನ್ನೊಂದು ಸಲ ಸತ್ತ.

ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ರಿತಾಜ್. ಅಪ್ಪ ಶಾಮಿಯಾನದಲ್ಲಿದ್ದಾನೆ, ತಾನು ಹೆಂಗಸರ ಕಣ್ಣು ತಪ್ಪಿಸಿ ಹತ್ತಿ ಬಂದೆ ಎಂದಳು. ರಿಬ್ಬನ್ನಿರಲಿಲ್ಲ; ಕೂದಲಿಗೆ ಅಪ್ಪನ ಕಪ್ಪು ಕರವಸ್ತ್ರ ಕಟ್ಟಿಕೊಂಡಿದ್ದಳು.

"ಅಮ್ಮ ಹೋದಾಗ ನನ್ನನ್ನ ಪಕ್ಕದ ಮನೇಲಿ ಆಡೋಕೆ ಬಿಟ್ಟಿದ್ರು ಖಾಲಾ. ಇಲ್ಲಿ ಏನ್ ಮಾಡ್ಬೇಕು ಅಂತ ನಂಗೆ ಗೊತ್ತಿಲ್ಲ."

"ಏನೂ ಮಾಡೋದಿಲ್ಲ ಕಣಮ್ಮ. ಕೂರೋದು."

ಹುಡುಗಿ ಚಾಪೆಯ ಮೇಲೆ ಕಾಲು ಮಡಿಸಿ ಕೂತಳು. ಸ್ವಲ್ಪ ಹೊತ್ತಿಗೆ ಅವಳು ಅಳತೊಡಗಿದಳು. ಯಾರಿಗಾಗಿ ಎಂದು ತಫೀದಾ ಕೇಳಲಿಲ್ಲ. ಕೆಳಗೆ ಓದುವವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಓಣಿಯ ಗಂಡಸರೆಲ್ಲ ಒಟ್ಟಾಗಿ "ಅಲ್ಲಾಹ್" ಎಂದು ನಿಟ್ಟುಸಿರು ಬಿಟ್ಟರು.