ಮೈಕ್ ಸರಿ ಇತ್ತು

ಆಷಾಢದಲ್ಲಿ ನಮಗೆ ಕೆಲಸವಿಲ್ಲ. ಸ್ಪೀಕರುಗಳಿಗೆ ಪ್ಲಾಸ್ಟಿಕ್ ಸುತ್ತಿಟ್ಟು, ವಯರು ಒರೆಸಿ, ಕೆಟ್ಟದ್ದು ಯಾವುದು ಒಳ್ಳೆಯದು ಯಾವುದು ಎಂದು ಬೇರೆ ಮಾಡುತ್ತ ಕೂರುವುದು. ಈ ಸಲ ಹಾಗೆ ಕೂತಿದ್ದಾಗ ಹಳೆಯ ಪೆಟ್ಟಿಗೆಯ ತಳದಲ್ಲಿ ಮೈಕಿನ ತಲೆಗೆ ಹಾಕುವ ಸ್ಪಂಜಿನ ಟೋಪಿಯೊಂದು ಸಿಕ್ಕಿತು. ಕೆಂಪು ಬಣ್ಣದ್ದು, ಒಂದು ಬದಿ ಕಂದಿಹೋಗಿತ್ತು. ಮೂಗಿನ ಹತ್ತಿರ ಹಿಡಿದೆ. ಕವಳದ ವಾಸನೆ. ಎಲೆ, ಸುಣ್ಣ, ಹೊಗೆಸೊಪ್ಪು… ಸೋಪಿನ ನೀರಲ್ಲಿ ಎಷ್ಟು ಸಲ ಅದ್ದಿದ್ದೆನೋ, ಹೋಗಿರಲಿಲ್ಲ.

ಕವಳ ಹಾಕಿಕೊಂಡು ನನ್ನ ಮೈಕಿನ ಮುಂದೆ ಕೂತವರು ಒಬ್ಬರೇ. ಕುಮಟಾ ಬದಿಯ ಒಬ್ಬ ಅಜ್ಜಿ. ಮದುವೆ ಮನೆಗಳಲ್ಲಿ ಹಾಡು ಹೇಳುತ್ತಿದ್ದರು, ಹಾಗಾಗಿ ನನಗೆ ಅವರು ಹಾಡಿನಜ್ಜಿ. ಆ ಟೋಪಿ ಸಿಕ್ಕುವ ಹೊತ್ತಿಗೆ ಅವರು ತೀರಿಕೊಂಡು ಇಪ್ಪತ್ತು ದಿನ ಕಳೆದಿತ್ತು. ಸುದ್ದಿ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಹೌದಾ ಎಂದೆ. ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ. ಸುಳ್ಳು ಯಾಕೆ ಹೇಳಲಿ, ಅಳು ಬರಲಿಲ್ಲ.

ನಾನು ಹೊನ್ನಾವರದವನು. ಭಟ್ಕಳದಿಂದ ಕುಮಟಾದವರೆಗೆ ಮದುವೆಗಳಿಗೆ ಡಿಜೆ ಹಾಕುತ್ತೇನೆ. ಶುರು ಮಾಡಿದ ಕಾಲಕ್ಕೆ ನಮ್ಮ ಬದಿಯಲ್ಲಿ ಬೇರೆ ಯಾರೂ ಇರಲಿಲ್ಲ, ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ ನನಗೆ ಹೆಸರು ಬಂತು. ಡಿಜೆ ಎಂದರೆ ಲೈಟು, ಕುಣಿತ ಎಂದು ಜನ ತಿಳಿದಿದ್ದಾರೆ. ನನ್ನನ್ನು ಕೇಳಿದರೆ ಅದು ಬರೀ ರಿಪೇರಿ. ಉಪ್ಪುಗಾಳಿಗೆ ಪಿನ್ನುಗಳೆಲ್ಲ ಹಸಿರು ಕಿಲುಬು ಹಿಡಿಯುತ್ತವೆ. ಅಡುಗೆಯವರು ಗ್ರೈಂಡರ್ ಹಾಕಿದರೆ ವೋಲ್ಟೇಜ್ ಬಿದ್ದು ನನ್ನ ಆಂಪ್ಲಿಫೈಯರ್ ಮಲಗುತ್ತದೆ. ಜನರೇಟರಿಗೆ ಬದಲಾಯಿಸಿದರೆ ಸ್ಪೀಕರಿನಲ್ಲಿ ಜೇನುಹುಳ ಬಿಟ್ಟಂತೆ ಗುಂಯ್ ಎನ್ನುತ್ತದೆ. ಒಮ್ಮೆ ಕಾಸರಕೋಡದಲ್ಲಿ ಮೊಬೈಲಿನಿಂದ ಹಾಡು ಹಾಕಿದ್ದೆ, ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ನನ್ನ ಹೆಂಡತಿ ಫೋನ್ ಮಾಡಿದಳು. ಎಂಟು ಸ್ಪೀಕರಿನಲ್ಲಿ ರಿಂಗಾಯಿತು. ಮನೆಗೆ ಹೋದ ಮೇಲೆ ಕೇಳಿದರೆ, ಬರುವಾಗ ಕೊತ್ತಂಬರಿ ಸೊಪ್ಪು ತರಲು ಹೇಳುವುದಿತ್ತಂತೆ.

ಏನು ತಪ್ಪಾದರೂ ಕರೆಂಟಿನ ಮೇಲೆ ಹಾಕುವುದು ನಮ್ಮ ಕಸುಬಿನಲ್ಲಿ ಎಲ್ಲರೂ ಮೊದಲು ಕಲಿಯುವುದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇನ್ನೊಂದು ಕಲಿಯುವುದು, ಸದ್ದು ನಿಲ್ಲಬಾರದು ಎನ್ನುವುದು. ಹಾಡು ಕೆಟ್ಟದಾಗಿದ್ದರೆ ಯಾರೂ ಕೇಳುವುದಿಲ್ಲ. ನಿಂತರೆ ಮಾತ್ರ ಇಡೀ ಚಪ್ಪರ ತಿರುಗಿ ನಮ್ಮನ್ನೇ ನೋಡುತ್ತದೆ. ಆ ನೋಟಕ್ಕೆ ನಾನು ಈಗಲೂ ಹೆದರುತ್ತೇನೆ.

ಹಾಡಿನಜ್ಜಿಯನ್ನು ಮೊದಲು ಕಂಡದ್ದು ಕುಮಟಾ ಹತ್ತಿರದ ಒಂದು ಮದುವೆ ಮನೆಯಲ್ಲಿ. ಹಿಂದಿನ ದಿನದ ಕುಣಿತಕ್ಕೆ ಡಿಜೆ, ಮದುವೆಯ ಬೆಳಿಗ್ಗೆ ಶಾಸ್ತ್ರಕ್ಕೆ ಅಜ್ಜಿಯ ಹಾಡು ಎಂದು ಮನೆಯವರು ಎರಡನ್ನೂ ಇಟ್ಟುಕೊಂಡಿದ್ದರು. ನಾನು ಮೈಕ್ ಹಿಡಿದು ಹೋದರೆ ಅಜ್ಜಿ ಕೈಯಲ್ಲೇ ದೂಡಿದರು. "ತಮಾ, ನನ್ನ ಬಾಯಿಗೆ ಇದೆಲ್ಲ ಎಂತಕ್ಕೆ? ಮದ್ಮಗಳಿಗೆ ಕೇಳಿದ್ರೆ ಆತು." ಕೊನೆಗೆ ಮದುಮಗಳ ಅಪ್ಪನೇ ಬಂದು ಹೇಳಿದ ಮೇಲೆ ಒಪ್ಪಿದರು. ಹಾಡುವಾಗ ಬಾಯಿಗೆ ಸೆರಗು ಅಡ್ಡ ಹಿಡಿದು, ಗೋಡೆಯ ಕಡೆ ತಿರುಗಿ ಕೂರುವುದು ಅವರ ರೂಢಿ. ಮೈಕನ್ನೂ ಆ ಸೆರಗಿನೊಳಗೆ ಸೇರಿಸಿಕೊಂಡರು.

ಮದುಮಗಳ ತಲೆಯ ಮೇಲೆ ಸೇಸೆ ಅಕ್ಕಿ ಹಾಕಲು ನೆಂಟರನ್ನು ಒಬ್ಬೊಬ್ಬರಾಗಿ ಕರೆಯುವ ಹಾಡು ಅದು. ಹೆಸರು ಹೇಳುವುದಿಲ್ಲ, ಸಂಬಂಧ ಹೇಳಿ ಕರೆಯುವುದು. ಹೆತ್ತಪ್ಪ ಬರಲಿ, ಹೆತ್ತವ್ವ ಬರಲಿ, ಸೋದರಮಾವ ಬರಲಿ ಎಂದು. ಹಾಡು ಕರೆದ ಹಾಗೆ ಅವರು ಎದ್ದು ಬಂದು ಅಕ್ಕಿ ಹಾಕಬೇಕು. ಅದಕ್ಕಾಗಿ ಅಜ್ಜಿ ಯಾವ ಮನೆಗೆ ಹೋದರೂ ಮೊದಲು ಅಡುಗೆಮನೆ ಹೊಕ್ಕು, ತರಕಾರಿ ಹೆಚ್ಚುವ ಹೆಂಗಸರ ನಡುವೆ ಕೂತು ಕೇಳುತ್ತಿದ್ದರು. "ಯಾರಿದ್ರು, ಯಾರಿಲ್ಲ, ಒಂದ್ಸಲ ಹೇಳ್ರೇ." ಅಜ್ಜ ಹೋಗಿದ್ದರೆ ಅಜ್ಜನ ಸಾಲು ಬಿಡುವುದು. ಅವ್ವ ಇಲ್ಲದಿದ್ದರೆ ಅವ್ವನ ಜಾಗಕ್ಕೆ ಚಿಕ್ಕವ್ವನನ್ನೋ ದೊಡ್ಡವ್ವನನ್ನೋ ಕೂರಿಸುವುದು. ಇಲ್ಲದವರನ್ನು ಶುಭದ ದಿನ ಕರೆಯಬಾರದು. "ಕರೆದ್ರೆ ಬರ್ಲಿಕ್ಕೆ ಆಗೂದಿಲ್ಲ ಅವ್ರಿಗೆ. ಪಾಪ, ಎಂತಕ್ಕೆ ಕರೆಯೂದು?" ಎಂದು ನನಗೊಮ್ಮೆ ಹೇಳಿದ್ದರು.

ಆಗ ನನಗೆ ಇದೆಲ್ಲ ಅಜ್ಜಿಯರ ಹರಟೆ ಎನಿಸಿತ್ತು.

ಆಮೇಲೆ ಹತ್ತಾರು ಮನೆಗಳಲ್ಲಿ ನಾವಿಬ್ಬರೂ ಸಿಕ್ಕಿದೆವು. "ಬಂತು ನಿನ್ನ ಡಬ್ಬಿ?" ಎಂದು ನಗುತ್ತಿದ್ದರು. ಅವರ ಜೊತೆಗೆ ಸಾಲು ಎತ್ತಿ ಹೇಳುತ್ತಿದ್ದ ಇನ್ನೊಬ್ಬ ಅಜ್ಜಿ ಒಂದು ವರ್ಷ ತೀರಿಹೋದರು, ಅಲ್ಲಿಂದ ಇವರು ಒಬ್ಬರೇ. ಒಂದು ಕಿವಿಯೂ ಮಂದವಾಗಿತ್ತು. ದನಿ ಮಾತ್ರ ಹಾಗೇ ಇತ್ತು… ತುಸು ಒಡಕು, ಆದರೆ ಕಡೆಯ ಪಂಕ್ತಿಯಲ್ಲಿ ಉಣ್ಣುವವನಿಗೂ ಮುಟ್ಟುತ್ತಿತ್ತು.

ಕತಗಾಲದ ಒಂದು ಮದುವೆಯಲ್ಲಿ ಆ ಸೇಸೆ ಹಾಡನ್ನು ಮೊಬೈಲಿಗೆ ಹಿಡಿದುಕೊಂಡೆ. ಅವರನ್ನು ಕೇಳಿಯೇ ಹಿಡಿದದ್ದು. "ಹಿಡ್ಕ, ಹಿಡ್ಕ. ಹಾಡು ಎಂತ ಸವೆದು ಹೋಗ್ತದಾ?" ಎಂದರು. ಯಾಕೆ ಹಿಡಿದೆ ಎಂದರೆ, ನನ್ನ ಕಾರ್ಡ್‌ಲೆಸ್ ಮೈಕ್ ಆಗಲೇ ಕೈಕೊಡಲು ಶುರು ಮಾಡಿತ್ತು. ಹಾಡಿನ ನಡುವೆ ಸಿಗ್ನಲ್ ಹೋಗುವುದು, ಎರಡು ನಿಮಿಷ ಬಿಟ್ಟು ಬರುವುದು. ಹೊಸದು ತರಬೇಕು ಎಂದುಕೊಳ್ಳುತ್ತಲೇ ದಿನ ಹೋಯಿತು. ಅಜ್ಜಿ ಶುರು ಮಾಡಿದ ಕೂಡಲೆ ಮೊಬೈಲಿನ ಹಾಡನ್ನೂ ಸದ್ದಿಲ್ಲದೆ ಜೊತೆಗೇ ಓಡಿಸುವುದು, ಮೈಕ್ ಸತ್ತಾಗ ಅದನ್ನು ಮೆಲ್ಲಗೆ ಏರಿಸುವುದು, ಮೈಕ್ ಬಂದ ಕೂಡಲೆ ಇಳಿಸುವುದು. ಹಾಡು ಅದೇ, ಧಾಟಿ ಅದೇ, ದನಿಯೂ ಅಜ್ಜಿಯದೇ. ಅವರ ಬಾಯಿ ಸೆರಗಿನೊಳಗೆ ಇರುವುದರಿಂದ ನೋಡುವವರಿಗೂ ತಿಳಿಯುವುದಿಲ್ಲ. ಎರಡು ಮೂರು ಮನೆಗಳಲ್ಲಿ ಹಾಗೆ ಮಾಡಿದೆ. ಯಾರಿಗೂ ಗೊತ್ತಾಗಲಿಲ್ಲ, ಅಜ್ಜಿಗೂ. ನನಗೆ ಒಳಗೊಳಗೇ ಹೆಮ್ಮೆ ಬೇರೆ. ಎಲ್ಲ ಮನೆಯಲ್ಲೂ ಅಪ್ಪ ಅವ್ವ ಇರುತ್ತಾರೆ, ಅದರಲ್ಲಿ ತಪ್ಪುವುದೇನು ಎಂದುಕೊಂಡಿದ್ದೆ.

ಶಿರಾಲಿ ಹತ್ತಿರದ ಒಂದು ಮದುವೆ ಮನೆಯಲ್ಲಿ ಹುಡುಗಿಯ ತಾಯಿ ಇರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲೇ ತೀರಿಹೋಗಿದ್ದರು. ಅದು ನನಗೂ ಗೊತ್ತಿತ್ತು, ಪಡಸಾಲೆಯಲ್ಲಿ ಹಾರ ಹಾಕಿದ ಫೋಟೋ ನೋಡಿದ್ದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಅಜ್ಜಿ ಕೇಳಿಕೊಂಡದ್ದನ್ನೂ ಕೇಳಿದ್ದೆ. "ಅವ್ವನ ಬದಲು ಚಿಕ್ಕವ್ವ, ಅಲ್ಲಾ? ಆತು ಆತು." ಅಷ್ಟೆಲ್ಲ ಗೊತ್ತಿದ್ದೂ ಅದು ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು ಎಂದು ತಲೆಗೆ ಹೊಳೆಯಲಿಲ್ಲ. ಮಾಡಿದ ತಪ್ಪು ಇಷ್ಟೇ.

ಹಾಡು ಶುರುವಾಯಿತು. ಅಜ್ಜಿ ಒಳಜಗಲಿಯಲ್ಲಿ ಗೋಡೆಗೆ ಮುಖ ಮಾಡಿದ್ದರು, ನಾನು ಚಪ್ಪರದ ಮೂಲೆಯಲ್ಲಿ ನನ್ನ ಪೆಟ್ಟಿಗೆಗಳ ಹಿಂದೆ. ಹೆತ್ತಪ್ಪ ಬಂದು ಅಕ್ಕಿ ಹಾಕಿದರು. ಅಷ್ಟರಲ್ಲಿ ಮೈಕ್ ಹೋಯಿತು. ನಾನು ಕೂಡಲೆ ಮೊಬೈಲನ್ನು ಏರಿಸಿದೆ, ಏರಿಸಿ ಮೈಕಿನ ರಿಸೀವರಿನ ಹಿಂದಿನ ಪಿನ್ನು ಅಲುಗಾಡಿಸಲು ಬಗ್ಗಿದೆ. ಬಗ್ಗಿದ್ದಾಗಲೇ ಕೇಳಿಸಿತು. ಹೆತ್ತವ್ವ ಬರಲಿ, ಮಗಳ ತಲೆಗೆ ಸೇಸೆ ಹಾಕಲಿ…

ತಲೆ ಎತ್ತಿದೆ. ಹುಡುಗಿಯ ಚಿಕ್ಕವ್ವ ಕೈಯಲ್ಲಿ ಅಕ್ಕಿ ಹಿಡಿದು ಎರಡು ಹೆಜ್ಜೆ ಮುಂದೆ ಬಂದಿದ್ದವರು ಅಲ್ಲೇ ನಿಂತುಬಿಟ್ಟರು. ಮದುಮಗಳು ಬಗ್ಗಿಸಿದ್ದ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಒಂದು ಕ್ಷಣ ಅಷ್ಟೇ. ಆಮೇಲೆ ಅವಳ ಮುಖ… ಬೇಡ. ನಾನು ಮೊಬೈಲಿಗೆ ಕೈ ಹಾಕಿ ಹಾಡು ನಿಲ್ಲಿಸಿದೆ. ಇಡೀ ಚಪ್ಪರ ಸುಮ್ಮನಾಯಿತು, ಯಾರೂ ನನ್ನ ಕಡೆ ತಿರುಗಲಿಲ್ಲ. ಎಲ್ಲರೂ ಒಳಜಗಲಿಯ ಕಡೆ ನೋಡಿದರು.

ಹುಡುಗಿಯ ದೊಡ್ಡಪ್ಪ ಒಳಗೆ ಹೋದರು. ನಾನೂ ಹಿಂದೆ ಹೋದೆ.

"ಎಂತ ಅಜ್ಜಿ ಇದು? ಸತ್ತವಳನ್ನ ಕರೀತ್ರಾ ನೀವು?"

ಅಜ್ಜಿ ಇನ್ನೂ ಹಾಡುತ್ತಲೇ ಇದ್ದರು, ಸೋದರಮಾವನ ಸಾಲಿಗೆ ಬಂದಿದ್ದರು. ಸೆರಗು ಇಳಿಸಿ ನೋಡಿದರು. "ನಾನಾ? ಇಲ್ಲಪ್ಪ. ಚಿಕ್ಕವ್ವ ಅಂದೆ ನಾನು."

"ಊರಿಗೆ ಊರೇ ಕೇಳಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇನ್ನು ಅಂದ್ರೆಂತ, ಬಿಟ್ರೆಂತ?"

ಅಜ್ಜಿ ಪಕ್ಕದಲ್ಲಿದ್ದ ಹೆಂಗಸರನ್ನು ನೋಡಿದರು. ಅವರೆಲ್ಲ ಮಕ್ಕಳನ್ನು ಸುಮ್ಮನಿರಿಸುತ್ತ, ಮಾತಾಡುತ್ತ ಇದ್ದವರು. ಒಬ್ಬಳು ಮೆಲ್ಲಗೆ, "ಸ್ಪೀಕರಲ್ಲಿ ಹಾಗೇ ಬಂತು ಅಜ್ಜಿ" ಎಂದಳು.

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ನಿಮ್ಮ ಮೈಕಿನದೇ ಎಂತಾದ್ರೂ ತೊಂದ್ರೆ ಆತಾ?"

ಅವರು ಕೇಳಿದ್ದು ಹಾಗೆ, ನೇರವಾಗಿ. ಇಷ್ಟು ವರ್ಷ ಕರೆಂಟಿನ ಮೇಲೆ, ಜನರೇಟರಿನ ಮೇಲೆ, ಗ್ರೈಂಡರಿನ ಮೇಲೆ ತಪ್ಪು ಹಾಕಿದವನು ನಾನು. ಅವತ್ತು ಒಂದು ದಿನ ಮೈಕಿನ ಮೇಲೆ ಹಾಕಿದ್ದರೆ ಅದು ನಿಜವೇ ಆಗುತ್ತಿತ್ತು.

"ಇಲ್ಲ, ಮೈಕ್ ಸರಿ ಇತ್ತು" ಎಂದೆ.

ಅಜ್ಜಿ ನನ್ನ ಮುಖ ನೋಡಿದರು. ಅನುಮಾನದಿಂದ ನೋಡಿದ್ದಲ್ಲ. ತಪ್ಪು ಯಾರದೆಂದು ತಿಳಿಯಲು ಅವರಿಗೆ ಬೇಕಾಗಿದ್ದ ಸಾಕ್ಷಿ ನನ್ನ ಬಾಯಿಂದ ಬಂದಿತ್ತು. "ಹಾಂಗಾರೆ ಬಾಯಿ ತಪ್ಪಿತೇನೋ…" ಎಂದರು. ಎದ್ದು ಹೋಗಿ ಮದುಮಗಳ ಕೈ ಹಿಡಿದುಕೊಂಡು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಊಟಕ್ಕೆ ನಿಲ್ಲಲಿಲ್ಲ. ಚೀಲ ಹಿಡಿದು ಹೆದ್ದಾರಿಯ ಕಡೆ ಬಿಸಿಲಲ್ಲಿ ನಡೆದು ಹೋದರು. ನಾನು ಊಟ ಮಾಡಿದೆ. ಮಧ್ಯಾಹ್ನದ ಮೇಲೆ ಕುಣಿತದ ಹಾಡುಗಳನ್ನೂ ಹಾಕಿದೆ, ಚೆನ್ನಾಗಿಯೇ ಹೋಯಿತು.

ಅಲ್ಲಿಂದ ಅಜ್ಜಿ ಹಾಡಲಿಲ್ಲ. ಕರೆಯಲು ಹೋದವರಿಗೆ, "ಬ್ಯಾಡ, ನನ್ನ ನಾಲಿಗೆ ಮೇಲೆ ನನಗೇ ನಂಬಿಕೆ ಇಲ್ಲ. ನಿಮ್ಮ ಮನೇಲೂ ಹಾಂಗೇ ಆದ್ರೆ?" ಎನ್ನುತ್ತಿದ್ದರಂತೆ. ಅವರಿಂದ ಹಾಡು ಬಿಡಿಸಿದ್ದು ಊರಿನವರಲ್ಲ. ಊರಿನವರು ಆರು ತಿಂಗಳಲ್ಲಿ ಮರೆತಿದ್ದರು.

ಒಮ್ಮೆ ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಸೊರಗಿದ್ದರು. ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ತಮಾ, ನೀ ಅಲ್ಲೇ ಇದ್ದೆ. ಖರೇ ಹೇಳು. ನಾ ಎಂತ ಅಂದೆ ಅವತ್ತು? ನಿನಗೆ ಸರೀ ಕೇಳಿತ್ತಾ?"

ಹೇಳಬಹುದಿತ್ತು. ಸುತ್ತ ನಮ್ಮ ಗುರುತಿನವರು ಯಾರೂ ಇರಲಿಲ್ಲ. ಹೇಳಿದರೆ ಈ ಡಿಜೆ ಮೊಬೈಲಿನ ಹಾಡು ಹಾಕಿ ಮೋಸ ಮಾಡುತ್ತಾನೆ ಎಂದು ಸುದ್ದಿಯಾಗುತ್ತದೆ ಎಂದು ಲೆಕ್ಕ ಹಾಕಿದೆ. ಈಗ ನೋಡಿದರೆ ಅದೂ ನೆವವೇ. ಆ ಅಜ್ಜಿ ಯಾರಿಗೂ ಹೇಳುವವರಲ್ಲ. ಹೇಳಲು ನನಗೆ ನಾಚಿಕೆಯಾಯಿತು, ಅಷ್ಟೇ.

"ಗಲಾಟೆಲಿ ಸರಿ ಕೇಳಲಿಲ್ಲ ಅಜ್ಜಿ" ಎಂದೆ.

"ಹೌದಾ" ಎಂದರು. ಬಸ್ಸು ಬಂತು. ಅವರು ಹತ್ತಿದ ಮೇಲೆ ನಾನು ಚಹಾ ಕುಡಿಯಲು ಹೋದೆ. ಮನೆಗೆ ಬಂದು ಮೊಬೈಲಿನಿಂದ ಆ ಹಾಡನ್ನೂ ಅಳಿಸಿದೆ. ಯಾರ ಕೈಗಾದರೂ ಸಿಕ್ಕರೆ ಎಂಬ ಹೆದರಿಕೆಗೆ.

ಹೋದ ವಾರ ಅವರ ಮನೆಗೆ ಹೋದೆ. ಯಾಕೆ ಹೋದೆನೋ. ಹದಿಮೂರನೆಯ ದಿನವೂ ಮುಗಿದು ಎಷ್ಟೋ ದಿನವಾಗಿತ್ತು. ಸೊಸೆ ಒಬ್ಬರೇ ಇದ್ದರು, ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟರು. ಅವರು ಮೊದಲು ಕೇಳಿದ್ದೇ, ಅತ್ತೆಯ ಹಾಡನ್ನು ಯಾರಾದರೂ ಹಿಡಿದಿಟ್ಟಿದ್ದಾರಾ ಎಂದು. ಮೊಮ್ಮಕ್ಕಳು ಕೇಳುತ್ತಿದ್ದಾರಂತೆ. ನನ್ನ ಹತ್ತಿರ ಇಲ್ಲ ಎಂದೆ. ಅದು ನಿಜವೂ ಆಗಿತ್ತು. ಈ ಬದಿಯಲ್ಲಿ ಆ ಹಾಡು ಪೂರ್ತಿ ಬರುವವರು ಈಗ ಯಾರೂ ಉಳಿದಿಲ್ಲ.

"ಕಡೆಗೆ ತ್ರಾಸು ಎಂತ ಆಗ್ಲಿಲ್ಲ" ಎಂದರು ಸೊಸೆ. "ಬುದ್ಧಿನೂ ಸರಿ ಇತ್ತು. ಒಂದೇ ಒಂದು… ದಿನಾ ಬೆಳಿಗ್ಗೆ ಎದ್ದು ಕೂತ್ಕಂಡು ಕೇರಿಲಿ ಮನೆ ಮನೆ ಹಿಡಿದು ಹೇಳೂದು. ಈ ಮನೇಲಿ ಯಾರಿದ್ರು, ಆ ಮನೇಲಿ ಯಾರಿಲ್ಲ ಅಂತ. ಹೇಳಿ ಮುಗಿಸಿ ನನ್ನ ಕರೆಯೂದು, ಸರಿ ಆತಾ ನೋಡೇ ಅಂತ. ಒಂದೂ ತಪ್ತಿರ್ಲಿಲ್ಲ. ಸರಿ ಉಂಟು ಅತ್ತೆ ಅಂದ್ರೆ, 'ಮತ್ತೆ ಅವತ್ತು ಹ್ಯಾಂಗೆ ತಪ್ತು?' ಅಂತ ಕೇಳೂದು. ನನಗೆಂತ ಗೊತ್ತು ಹೇಳಿ."

ಆಗ ಹೇಳಿದೆ. ತಪ್ಪಿದ್ದು ಅವರ ಬಾಯಲ್ಲ, ನನ್ನ ಮೈಕ್ ಹೋಗಿತ್ತು, ಕೇಳಿದ್ದು ಮೊಬೈಲಿನ ಹಾಡು, ಅಜ್ಜಿ ಸರಿಯಾಗೇ ಚಿಕ್ಕವ್ವ ಎಂದಿದ್ದರು ಎಂದು. ಎಲ್ಲ ಸೇರಿ ನಾಲ್ಕು ಮಾತಾಯಿತು. ಇಷ್ಟು ವರ್ಷ ಹೊತ್ತದ್ದು ಹೇಳಿ ಮುಗಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ಸೊಸೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಇದನ್ನ ಅವ್ರಿಗೆ ಹೇಳ್ಬೇಕಿತ್ತು" ಎಂದರು.

ಹೌದು ಎಂದೆ. ಅವರು ನನ್ನ ಲೋಟ ತೆಗೆದುಕೊಂಡು ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಕೂತೇ ಇದ್ದೆ. ಅವರು ಮತ್ತೆ ಹೊರಗೆ ಬರಲಿಲ್ಲ.